ಗಿಡ ಒಣಗಿದ ಮ್ಯಾಲೆ

ಈ ವರ್ಷವೂ ಕ್ರಿಸ್ಮಸ್ಸಿಗೆ ಗಿಡ ತಂದಿದ್ದೇವೆ. ಬಾದಾಮಿಯ ಈ ಮನೆಯ ನಡುಕೋಣೆಯಲ್ಲಿ, ಟಿವಿಯ ಪಕ್ಕಕ್ಕೆ, ಬಕೆಟ್ಟಿನೊಳಗೆ ಕಲ್ಲು ತುಂಬಿ ನಿಲ್ಲಿಸಿದ ಸರ್ವೆ ಗಿಡದ ತಲೆ. ದಿನಾ ಮುಂಜಾನೆ ಅದಕ್ಕೆ ನೀರು ಹಾಕುವುದು ನನ್ನ ಪಾಲಿನ ಕೆಲಸ. ಬಗ್ಗಬೇಕು, ಬಗ್ಗಿದ ಮೇಲೆ ಏಳಬೇಕು. ಬಗ್ಗುವುದು ಹೆಂಗೋ ಆಗುತ್ತದೆ, ಏಳುವುದೇ ತ್ರಾಸು. ನನ್ನ ಸೊಸೆ ಒಳ್ಳೆಯವಳು, ಸಾಲಿಗೆ ಹೋಗಿ ಮಕ್ಕಳಿಗೆ ಕಲಿಸಿ ಬಂದು ಮತ್ತೆ ಈ ಗಿಡದಿಂದ ಉದುರಿದ ಕಸ ಗುಡಿಸುತ್ತಾಳೆ. ನಿನ್ನೆ ಕಸಬರಿಗೆ ಹಿಡಿದುಕೊಂಡೇ ಹೇಳಿದಳು:

“ಅತ್ತಿ, ಮುಂದಿನ ವರ್ಷ ಪ್ಲಾಸ್ಟಿಕ್ ಗಿಡಾನ ತರೂಣ್ರಿ. ಮಡಚಿ ಅಟ್ಟಕ್ಕ ಇಟ್ರ ಮುಗೀತು. ನೀರಿಲ್ಲ, ಕಸಾ ಇಲ್ಲ, ಒಣಗೂದಂತೂ ಇಲ್ಲs ಇಲ್ಲ.”

“ತರ್ರಿ,” ಅಂದೆ. ಸಿಟ್ಟಿನಿಂದ ಅಂದದ್ದಲ್ಲ. ಖರೆ ಹೇಳಬೇಕೆಂದರೆ ನನಗೂ ಸಾಕಾಗಿದೆ. ಆದರೆ ಅವಳು ಒಳಗೆ ಹೋದ ಮೇಲೆ ನನ್ನ ಬೆರಳು ತಾನಾಗಿಯೇ ಬಕೆಟ್ಟಿಗೆ ಇಳಿಯಿತು, ಕೊಯ್ದ ಬುಡದ ಮೇಲೆ ನೀರು ಎಷ್ಟಿದೆ ಅಂತ ನೋಡಲಿಕ್ಕೆ. ಆ ಬೆರಳು ನನ್ನದಲ್ಲ, ಅಪ್ಪನ ಅವ್ವ, ನಮ್ಮ ಆಯಿಯದು. ಒಣಗದ ಗಿಡ ಅಂತೆ! ನಮ್ಮ ಮನೆಯಲ್ಲಿ ಗಿಡ ಒಣಗುತ್ತದೋ ಇಲ್ಲವೋ ಅನ್ನುವುದರ ಮೇಲೆ ಒಬ್ಬ ಹೆಂಗಸಿನ ಬದುಕೇ ನಿಂತಿತ್ತು. ಆ ಮಾತನ್ನು ಸೊಸೆಗೆ ಹೇಳುವಷ್ಟು ಉಸಿರು ನನಗೆ ನಿನ್ನೆ ಇರಲಿಲ್ಲ. ಇಲ್ಲಿ ಕೂತು ಬರೆಯುತ್ತೇನೆ, ಬೇಕಾದಾಗ ಓದಿಕೊಳ್ಳಲಿ.

ನಾನು ಬೆಳೆದ ಮನೆ ಇಳಕಲ್ಲಿನ ನೇಕಾರರ ಓಣಿಯಲ್ಲಿತ್ತು. ಮಣ್ಣಿನ ಮಾಳಿಗೆ, ಗಿಡ್ಡ ಬಾಗಿಲು, ಒಳಗೆ ಬಂದರೆ ಬೆಳಕಿಂಡಿಯಿಂದ ಬೀಳುವ ಒಂದು ತುಂಡು ಬಿಸಿಲು ಬಿಟ್ಟರೆ ಕತ್ತಲು. ಪಡಸಾಲೆಯ ಒಂದು ಬದಿಗೆ ಮಗ್ಗದ ಕುಣಿ. ಕುಣಿಯೆಂದರೆ ನೆಲದಲ್ಲಿ ತೋಡಿದ ಗುಂಡಿ. ನೇಯುವವರು ಅದರ ದಂಡೆಗೆ ಕೂತು ಕಾಲು ಒಳಗೆ ಇಳಿಬಿಟ್ಟು ಹಲಗೆ ತುಳಿಯುತ್ತಾರೆ. ನಮ್ಮ ಕಡೆಯ ಒಣ ಹವೆಗೆ ರೇಷ್ಮೆ ಎಳೆ ಪಟಪಟ ಹರಿಯುತ್ತದೆ. ಅದಕ್ಕೇ ಕುಣಿಯಲ್ಲಿ ನೀರು ಚಿಮುಕಿಸಿ ತೇವ ಇಟ್ಟಿರುತ್ತಾರೆ. ಬ್ಯಾಸಗಿಯಲ್ಲೂ ಅದರೊಳಗೆ ಕಾಲಿಟ್ಟರೆ ತಣ್ಣಗೆ ಅನ್ನಿಸುತ್ತಿತ್ತು. ಓಣಿಯ ಎಲ್ಲ ಮನೆಗಳಿಂದ ಬೆಳಗಿನಿಂದ ಲಾಳಿಯ ಸಪ್ಪಳ ಬರುತ್ತಿತ್ತು, ನಮ್ಮದೊಂದೇ ಮನೆ ಸುಮ್ಮನೆ ಕೂತಿರುತ್ತಿತ್ತು. ನಮ್ಮಪ್ಪನ ಅಪ್ಪ, ಅಂದರೆ ನನ್ನ ಮುತ್ಯಾ, ನೇಯುತ್ತ ಕೂತಲ್ಲೇ, ಕಾಲು ಕುಣಿಯಲ್ಲಿರುವಾಗಲೇ ಜೀವ ಬಿಟ್ಟಿದ್ದ. ನಾನಾಗ ಇನ್ನೂ ಹುಟ್ಟಿರಲಿಲ್ಲ. ಅವನ ಹೆಂಡತಿ, ನಮ್ಮ ಆಯಿ, ಮಗ್ಗ ಬಿಚ್ಚಿಸಿ ಕಟ್ಟಿಗೆಯನ್ನೆಲ್ಲ ಅಟ್ಟಕ್ಕೆ ಹಾಕಿಸಿದಳು. ಕುಣಿಯನ್ನು ಮಾತ್ರ ಮುಚ್ಚಿಸಲಿಲ್ಲ. ಅದರೊಳಗೆ ಯಾರೂ ಕಾಲಿಡುವ ಹಾಗೂ ಇರಲಿಲ್ಲ. ನಾವು ಮಕ್ಕಳು ಆಡುತ್ತ ಆ ಕಡೆ ಹೋದರೆ ಸಾಕು, “ಏ, ಅಲ್ಲಿ ಬ್ಯಾಡ” ಅನ್ನುವ ಕೂಗು ಅಡಿಗೆ ಮನೆಯಿಂದಲೇ ಬರುತ್ತಿತ್ತು.

ವರ್ಷಕ್ಕೊಮ್ಮೆ ಮಾತ್ರ ಕುಣಿಗೆ ಜೀವ ಬರುತ್ತಿತ್ತು, ಕ್ರಿಸ್ಮಸ್ಸಿಗೆ. ನಮ್ಮದು ಹಳೆಯ ಕ್ರೈಸ್ತ ಮನೆತನ. ನೇಕಾರಿಕೆ ಮೊದಲು ಬಂತೋ ದೇವಾಲಯ ಮೊದಲು ಬಂತೋ ಅಂತ ಕೇಳಿದರೆ ನೇಕಾರಿಕೆ ಅಂತಲೇ ಹೇಳಬೇಕು. ಮುತ್ಯಾ ಮಗ್ಗಕ್ಕೆ ಹೂಡಿದ ಹಾಸನ್ನು, ಅಂದರೆ ಉದ್ದದ ನೂಲನ್ನು, ಹಬ್ಬದೊಳಗೆ ನೇಯ್ದು ಮುಗಿಸಿಬಿಡುತ್ತಿದ್ದನಂತೆ. ಹೊಸ ಹಾಸು ಹೂಡುವವರೆಗೆ ಮಗ್ಗಕ್ಕೂ ಅವನಿಗೂ ಬಿಡುವು. ಆ ಖಾಲಿ ಕುಣಿಯಲ್ಲಿ, ಮನೆಯಲ್ಲೇ ತಂಪಾದ ಜಾಗವೆಂದು, ನೀರು ತುಂಬಿದ ತಾಮ್ರದ ಹಂಡೆಯಿಟ್ಟು ಅದರಲ್ಲಿ ಗಿಡ ನಿಲ್ಲಿಸುತ್ತಿದ್ದ. ಸೀರೆಯ ಸೆರಗಿಗೆ ಬಳಸಿ ಉಳಿದ ಕೆಂಪು ರೇಷ್ಮೆಯ ತುಂಡೆಳೆಗಳೇ ಅದಕ್ಕೆ ಶೃಂಗಾರ. ಗಿಡ ಹಸಿರಿರುವ ತನಕ ಹಬ್ಬ, ಗಿಡ ಒಣಗಿದ ಮ್ಯಾಲೆ ಹಾಸು. ಇದು ಮುತ್ಯಾನ ಕಾನೂನು. ಅವನು ಹೋದ ಮೇಲೆ ಕಾನೂನಿನ ಮೊದಲರ್ಧ ಉಳಿಯಿತು, ಎರಡನೆಯ ಅರ್ಧ ಅಟ್ಟ ಸೇರಿತು.

ನಮ್ಮವ್ವ ಗುಳೇದಗುಡ್ಡದ ನೇಕಾರರ ಮನೆಯ ಮಗಳು. ಹೆಸರು ಮಾರ್ಥಾ. ಲಂಗ ಹಾಕುವ ವಯಸ್ಸಿನಿಂದಲೇ ಮಗ್ಗಕ್ಕೆ ಕೂತವಳು. ಇಳಕಲ್ಲಿಗೆ ಕೊಟ್ಟಾಗ ಅವಳ ಗೆಳತಿಯರು ಹೊಟ್ಟೆಕಿಚ್ಚು ಪಟ್ಟಿದ್ದರಂತೆ. ಇಳಕಲ್ ಸೀರೆ, ಏನು ಕಡಿಮೆಯ ಮಾತೇ! ಬಂದು ನೋಡಿದರೆ ಮಗ್ಗವಿಲ್ಲದ ಮನೆ. ಅಪ್ಪ ಬಸ್ಸಿನ ಕಂಡಕ್ಟರ್, ಬಾಗಲಕೋಟೆಗೆ ಹೋದರೆ ಮರುದಿನ ಬರುವವನು. ಅವ್ವ ಪಕ್ಕದ ಮನೆಯವರ ಮಗ್ಗಕ್ಕೆ ನೂಲು ಸುತ್ತಿಕೊಡುತ್ತ, ಅವರ ಬಾಗಿಲಲ್ಲಿ ನಿಂತು ನೇಯುವುದನ್ನು ನೋಡುತ್ತ ಇರುತ್ತಿದ್ದಳು. ನೋಡುವಾಗ ಅವಳ ಬಲಗಾಲು ನೆಲವನ್ನು ಮೆಲ್ಲಗೆ ತುಳಿಯುತ್ತಿತ್ತು. ತುಳಿಯುತ್ತಿದ್ದೇನೆ ಅನ್ನುವುದು ಅವಳಿಗೇ ಗೊತ್ತಿರುತ್ತಿರಲಿಲ್ಲ.

ಮಗ್ಗ ಹೂಡೋಣ ಅಂತ ಅವ್ವ ಪ್ರತಿವರ್ಷ ಕೇಳುವಳು. ಪ್ರತಿವರ್ಷ ಆಯಿಗೆ ಒಂದು ನೆಪ ಇರುತ್ತಿತ್ತು. ಗಿಡ ಒಣಗಲಿ. ಗಿಡ ಒಣಗುವ ಹೊತ್ತಿಗೆ, ಬಿಸಿಲು ಬಂತು, ನೂಲು ಹರಿಯುತ್ತದೆ, ಮಳೆ ಬೀಳಲಿ. ಮಳೆ ಬಿದ್ದರೆ, ಮಾಳಿಗೆ ಸೋರುತ್ತದೆ. ಸೋರುವುದು ನಿಂತರೆ ಮತ್ತೆ ಕ್ರಿಸ್ಮಸ್ ಬಂತಲ್ಲ! ಅಪ್ಪನದು ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವ ನಡುವಿನ ಪಾಡು. ಎರಡೂ ಕಡೆ ತಲೆ ಆಡಿಸಿ ಬಸ್ಸಿಗೆ ಹೋಗಿಬಿಡುತ್ತಿದ್ದ.

ನಾನು ಹೇಳುತ್ತಿರುವ ವರ್ಷ ಹಬ್ಬಕ್ಕೆ ಮುಂಚೆ ದೇವಾಲಯದ ಪಾದ್ರಿ ಅಯ್ಯನವರು ಪ್ರಾರ್ಥನೆಗೆ ಮನೆಗೆ ಬಂದಿದ್ದರು. ಪ್ರಾರ್ಥನೆ ಮುಗಿದು ಅಮೀನಗಡದ ಕರದಂಟು ಕೊಟ್ಟು, ಚಹಾ ಕೊಟ್ಟು, ಅವ್ವ ಅವರ ಎದುರಿಗೇ ಸೆರಗು ಹೊದ್ದು ನಿಂತಳು.

“ಅಯ್ಯನೋರ, ನಮ್ಮತ್ತಿಗೆ ಒಂದ ಮಾತು ಹೇಳ್ರಿ. ನಾ ಕೂಡೂ ಜಾಗಾ ಕೇಳಾಕತ್ತೇನಿ, ಬ್ಯಾರೆ ಏನೂ ಕೇಳಿಲ್ಲ.”

ಅಯ್ಯನವರು ಆಯಿಯ ಮುಖ ನೋಡಿದರು. ಆಯಿ ತನ್ನ ಕರದಂಟಿನ ತುಂಡನ್ನು ತಟ್ಟೆಗೆ ಇಟ್ಟಳು.

“ಆತ ಬಿಡ್ರಿ. ಈ ಸಲ ಗಿಡ ಒಣಗಿದ ಮ್ಯಾಲೆ ಮಗ್ಗ ಹೂಡೂಣು. ದೇವರ ಮುಂದ ಹೇಳೇನಿ.”

ಅವ್ವನ ಮುಖ ಅರಳಿದ್ದು ನೋಡಬೇಕಿತ್ತು. ಆಯಿ ಕಿಲಾಡಿ ಅನ್ನುವುದು ನನಗೆ ಆಮೇಲೆ ಹೊಳೆಯಿತು. ಒಣಗಿದ ಮ್ಯಾಲೆ ಅಂದಳು, ಒಣಗಲು ಬಿಡುತ್ತೇನೆ ಅನ್ನಲಿಲ್ಲ.

ಗಿಡ ಬರುತ್ತಿದ್ದುದು ಕಲಾದಗಿಯಿಂದ. ಅಲ್ಲಿ ಬಾಬಾಸಾಬ್ ಅನ್ನುವವರ ದಾಳಿಂಬೆ ತೋಟಕ್ಕೆ ಗಾಳಿಗೆ ಅಡ್ಡ ಅಂತ ಸುತ್ತಲೂ ಸರ್ವೆ ಹಚ್ಚಿದ್ದರು. ವರ್ಷಕ್ಕೊಮ್ಮೆ ತಲೆ ಕಡಿಯುವಾಗ ಅಪ್ಪನಿಗಾಗಿ ಒಂದನ್ನು ಎತ್ತಿಡುತ್ತಿದ್ದರು. ಕ್ರಿಸ್ಮಸ್ ಗಿಡ ಅಂದರೆ ಚಿತ್ರದಲ್ಲಿ ಕಾಣುವ ಹಾಗೆ ಇರಬೇಕು ಅಂತ ಈಗಿನ ಹುಡುಗರು ಹೇಳುತ್ತಾರೆ. ನಮ್ಮದು ತೆಳ್ಳಗೆ, ಜೋಲುಮುಖದ, ಕೂದಲು ಬಿಚ್ಚಿದ ಹೆಂಗಸಿನ ಹಾಗಿರುತ್ತಿತ್ತು. ಅದನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ, ಬಸ್ಸಿನ ಟಾಪಿನ ಮೇಲೆ ಕಟ್ಟಿ, ಹುನಗುಂದದಲ್ಲಿ ಒಮ್ಮೆ ಹತ್ತಿ ಗೋಣಿಗೆ ನೀರು ಹೊಯ್ದು ಅಪ್ಪ ಮನೆ ಮುಟ್ಟಿಸುತ್ತಿದ್ದ. ಬಾಬಾಸಾಬರು ಹೇಳಿಕೊಟ್ಟ ಮಾತನ್ನೂ ಪ್ರತಿವರ್ಷ ಗಿಡದ ಜೋಡಿಗೇ ತಂದು ಒಪ್ಪಿಸುತ್ತಿದ್ದ:

“ಕೊಯ್ದ ಬುಡಾ ಯಾವಾಗಲೂ ನೀರಾಗ ಮುಳುಗಿರಬೇಕಂತ. ಒಮ್ಮೆ ನೀರು ಕೆಳಗ ಇಳದು ಗಾಳಿ ತಾಗಿದ್ರ ಬಾಯಿ ಕಟ್ಟತೈತಿ. ಆಮ್ಯಾಲೆ ಹೊಳಿ ತಂದು ಸುರುವಿದ್ರೂ ಕುಡಿಯೂದಿಲ್ಲಂತ. ಬಾಯಿ ಕಟ್ಟಿದ್ರ ಇನ್ನೊಂದ ನಾಕ ಬೆರಳು ಮ್ಯಾಲೆ ಹೊಸದಾಗಿ ಕೊಯ್ಯಬೇಕು, ಅದೊಂದs ಹಾದಿ.”

ಬುಡ ಮುಳುಗಿರಬೇಕು ಸರಿ. ಮುಳುಗಿಸುವ ನೀರು ಎಲ್ಲಿಂದ ಬರಬೇಕು? ನಮ್ಮ ಹಿತ್ತಿಲ ಬಾವಿಯದು ಸವಳು ನೀರು, ಬಟ್ಟೆ ಒಗೆದರೆ ನೊರೆ ಏಳದು. ಕುಡಿಯಲಿಕ್ಕೆ ಸೀನೀರು ಬೇಕಾದರೆ ಊರಾಚೆಯ ಬಾವಿಗೆ ಹೋಗಬೇಕು. ಗಿಡಕ್ಕೆ ಸೀನೀರೇ ಆಗಬೇಕು ಅಂತ ಆಯಿಯ ಹಟ. ಹೊತ್ತು ತರುವವಳು ಅವ್ವ. ಏನು ನ್ಯಾಯ ನೋಡ್ರಿ! ಗಿಡ ಒಣಗಿದರೆ ಅವ್ವನಿಗೆ ಮಗ್ಗ. ಒಣಗದ ಹಾಗೆ ನೀರು ಹೊರುವುದೂ ಅವ್ವನೇ. ತಲೆಯ ಮೇಲೊಂದು ಕೊಡ, ಸೊಂಟದ ಮೇಲೊಂದು. ತಲೆಯ ಮೇಲಿನದು ನಮಗೆ, ಸೊಂಟದ್ದು ಗಿಡಕ್ಕೆ. ಹಂಡೆಗೆ ಹೊಯ್ದು, ಅವಳು ಬೆನ್ನು ನೆಟ್ಟಗೆ ಮಾಡುವುದರೊಳಗೆ ಆಯಿಯ ಬೆರಳು ಹಂಡೆಯೊಳಗೆ ಇಳಿದಿರುತ್ತಿತ್ತು, ಬುಡ ಮುಳುಗಿತೋ ಇಲ್ಲವೋ ಅಂತ.

ಸಂಕ್ರಾಂತಿ ಬಂತು. ಓಣಿಯವರು ಎಳ್ಳು ಬೆಲ್ಲ ತಂದು ಕೊಟ್ಟು, “ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೂಣು” ಅಂದರು. ಹಂಗೆ ಅಂದವರೆಲ್ಲ ನಮ್ಮ ಕುಣಿಯ ಕಡೆ ನೋಡಿ ಬಾಯಿಗೆ ಸೆರಗು ಹಿಡಿದರು. ಕ್ರಿಸ್ಮಸ್ ಮುಗಿದು ಎಷ್ಟೋ ದಿನವಾಗಿದ್ದರೂ ಗಿಡ ಹಸಿರೇ. ತಂಪು ಕುಣಿ, ಸಿಹಿ ನೀರು, ಅದಕ್ಕೇನು ಧಾಡಿ? ಪಕ್ಕದ ಮನೆಯ ಖತೀಜಾ ಚಾಚಿ ಅವ್ವನನ್ನು ಬಾಗಿಲಿಗೆ ಕರೆದು ಮೆಲ್ಲಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು.

“ಅಲ್ಲ ಮಾರ್ಥಾ, ಸವಳ ನೀರು ಹಾಕವಾ ಒಂದೆರಡು ದಿನಾ. ಯಾರಿಗೆ ತಿಳೀತೈತಿ?”

“ನನಗ ತಿಳೀತೈತಲ್ಲ ಚಾಚಿ,” ಅಂದಳು ಅವ್ವ. ಆ ಮಾತಿನಲ್ಲಿ ದೊಡ್ಡಸ್ತಿಕೆಯೇನೂ ಇರಲಿಲ್ಲ. ನಿದ್ದೆಗೆಟ್ಟವರು ಮಾತಾಡಿದ ಹಾಗಿತ್ತು.

ಅದೇ ಸುಮಾರಿಗೆ ಗುಳೇದಗುಡ್ಡದಿಂದ ಅವ್ವನ ತಮ್ಮನ ಹೆಂಡತಿ ಹಡೆದ ಸುದ್ದಿ ಬಂತು. ಅವ್ವ ಬಾಣಂತನಕ್ಕೆ ಹೊರಟಳು. ಹೋಗುವ ಮುಂಚೆ ಹಂಡೆ ತುಂಬಿಸಿ, ಎರಡು ಕೊಡ ಸೀನೀರು ಮುಚ್ಚಿಟ್ಟು ಹೋದಳು. ಅವಳು ಹೋದ ಮರುದಿನವೇ ಒಣಗಾಳಿ ಶುರುವಾಯಿತು. ನೀರು ಮುಗಿಯಿತು. ಆಯಿಗೆ ಬಾವಿಯ ತನಕ ಹೋಗುವ ಶಕ್ತಿ ಇರಲಿಲ್ಲ, ಯಾರನ್ನೂ ಕೇಳುವ ಗುಣವೂ ಇರಲಿಲ್ಲ. ಗಿಡದ ಎಲೆ ಜೋಲತೊಡಗಿತು. ಒಂದು ಮಧ್ಯಾಹ್ನ ನಾನು ಸಾಲಿಯಿಂದ ಬಂದು ನೋಡುತ್ತೇನೆ, ಆಯಿ ಜೋಳದ ಹಿಟ್ಟಿನ ಗಂಜಿ ಕಾಯಿಸಿದ್ದಾಳೆ. ಅಟ್ಟದ ಮೇಲಿಂದ ಮುತ್ಯಾನ ಕುಂಚ ಇಳಿಸಿದ್ದಾಳೆ. ಹಾಸಿನ ನೂಲಿಗೆ ಗಂಜಿ ತೀಡುವ ಆ ದೊಡ್ಡ ಕುಂಚದಿಂದ ಗಿಡದ ಟೊಂಗೆ ಟೊಂಗೆಗೂ ಮೇಲಿಂದ ಕೆಳಗೆ ಗಂಜಿ ತೀಡುತ್ತಿದ್ದಾಳೆ!

“ಆಯಿ, ಏನ ಮಾಡಾಕತ್ತಿ?”

“ನೂಲು ಜೋಲು ಬಿದ್ರ ಏನ ಹಾಕ್ತಾರ? ಗಂಜಿ. ಜೀವ ಬರತೈತಿ. ನೀ ಸುಮ್ಕ ಕೂಡು.”

ಉಳಿದ ಗಂಜಿಯನ್ನು ಹಂಡೆಗೇ ಸುರಿದಳು. ಜೀವಮಾನವಿಡೀ ನೂಲಿಗೆ ಗಂಜಿ ಹಾಕಿದ ಕೈ ಅದು, ಜೋಲುಬಿದ್ದದ್ದಕ್ಕೆ ಬೇರೆ ಮದ್ದು ಅದಕ್ಕೆ ಗೊತ್ತಿರಲಿಲ್ಲ. ಸಂಜೆಗೆ ಗಿಡ ಸೆಟೆದು ನಿಂತಿತು, ಖರೆ. ಆಯಿ ಹಿಗ್ಗಿ ನನಗೊಂದು ಚಕ್ಕಲಿ ಕೊಟ್ಟಳು. ಮರುದಿನ ಇರುವೆ ಬಂದವು. ಅದರ ಮರುದಿನ ಹುಳಿ ವಾಸನೆ. ಆಮೇಲೆ ಮುಟ್ಟಿದರೆ ಸಾಕು, ಎಲೆ ಬಿಳಿ ಹೊಟ್ಟಿನ ಹಾಗೆ ಉದುರತೊಡಗಿತು. ಆಯಿ ಕುಣಿಯ ಕಡೆ ಬೆನ್ನು ಹಾಕಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ರೊಟ್ಟಿ ಮುಟ್ಟಲಿಲ್ಲ. ಮುತ್ಯಾನನ್ನೇ ಕೊಂದೆ ಅನ್ನುವ ಹಾಗಿತ್ತು ಅವಳ ಬೆನ್ನು.

ಅವ್ವ ಬಂದದ್ದು ಒಂದು ಮುಂಜಾನೆ. ಅಪ್ಪ ಆ ಹೊತ್ತಿಗೆ ಡ್ಯೂಟಿ ಮುಗಿಸಿ ಮನೆಯಲ್ಲಿದ್ದ. ಅವ್ವನ ಕೈಚೀಲ ತೆಗೆದುಕೊಳ್ಳುತ್ತಲೇ ದನಿ ತಗ್ಗಿಸಿ ಹೇಳಿದ:

“ಒಣಗೇತಿ ನೋಡು. ನಮ್ಮವ್ವನs ಒಣಗಿಸ್ಯಾಳ. ಇನ್ನ ಮಾತಿಲ್ಲ, ನಾಳೆ ಬಡಿಗ್ಯಾನ್ನ ಕರೀತೇನಿ.”

ಅವ್ವ ಕುಣಿಯ ದಂಡೆಗೆ ಕೂತು ಗಿಡವನ್ನು ನೋಡಿದಳು. ಹಂಡೆಯೊಳಗೆ ಕೈಯಿಟ್ಟು ಗಂಜಿ ಮೂಸಿದಳು. ಗೋಡೆಗೆ ಮುಖ ಮಾಡಿ ಮಲಗಿದ ಆಯಿಯನ್ನು ನೋಡಿದಳು. ತುದಿಯ ಟೊಂಗೆಯೊಂದನ್ನು ಉಗುರಿನಿಂದ ಗೀರಿದಳು. ಒಳಗೆ ಇನ್ನೂ ಹಸಿರಿತ್ತು. ಅವಳು ಅಲ್ಲಿ ಎಷ್ಟು ಹೊತ್ತು ಕೂತಿದ್ದಳೋ ನನಗೆ ನೆನಪಿಲ್ಲ. ಆಮೇಲೆ ಎದ್ದು, ಬಸ್ಸಿನ ಧೂಳು ತೊಳೆಯದೆಯೇ, ಹಿತ್ತಿಲಿನಿಂದ ಗರಗಸ ತಂದಳು.

“ಏನ ಮಾಡಾಕತ್ತಿ? ಹುಚ್ಚ ಹಿಡದೈತೇನ ನಿನಗ?” ಅಪ್ಪ ಅಂದ. “ಕೈಯಾಗ ಬಂದ ತುತ್ತದು. ಬಿಡು ಅದನ್ನ!”

“ಗಿಡಾ ಗಟ್ಟ್ಯಾಗಿ ಹಿಡೀರಿ.”

“ಮಾರ್ಥಾ, ಒಣಗಿದ್ರ ಮಗ್ಗಾ ಬರತಿತ್ತು ನಿನಗ.”

“ಬೆನ್ನು ಮುರಕೊಂಡು ನೀರು ಹೊತ್ತಾಕಿ ನಾನು. ಇಷ್ಟ ದಿನಾ ಹೊತ್ತು ಬದುಕಿಸಿದ್ದು ಗಂಜಿಗೆ ಸಾಯಲೇನ? ತಾನಾಗಿ ಒಣಗಲಿ, ಬ್ಯಾಡ ಅನ್ನೂದಿಲ್ಲ. ಮುದುಕಿ ತಪ್ಪು ಹಿಡಕೊಂಡು ನಾ ಮಗ್ಗಕ್ಕ ಕೂಡಾಕ ಒಲ್ಲೆ. ಹಿಡೀರಿ ಅಂದ್ನಿಲ್ಲ?”

ಬುಡದಿಂದ ನಾಲ್ಕು ಬೆರಳು ಮೇಲೆ ಕೊಯ್ದಳು. ಹಂಡೆಯನ್ನು ಬೂದಿ ಹಾಕಿ ತಿಕ್ಕಿದಳು. ಟೊಂಗೆಗಳನ್ನು ಒಂದೊಂದಾಗಿ ಒದ್ದೆ ಅರಿವೆಯಿಂದ ಒರೆಸಿದಳು. ಬಾವಿಗೆ ಹೋಗಿ ಬಂದಳು. ಅವತ್ತು ಅವಳು ಉಂಡದ್ದು ನಾನು ನೋಡಲಿಲ್ಲ. ನನಗೆ ಅವಳ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಗೆದ್ದವಳು ಹೀಗೆ ಸೋಲುವುದುಂಟೇ? ಆಯಿ ಮಾತ್ರ ಗೋಡೆಯ ಕಡೆಯೇ ಮುಖ ಮಾಡಿದ್ದಳು. ಕಿವಿಗೆ ಗೋಡೆ ಇರಲಿಲ್ಲವಲ್ಲ, ಎಲ್ಲ ಕೇಳಿಸಿಕೊಂಡಿದ್ದಳು.

ಗಿಡ ಅರ್ಧ ಬದುಕಿತು. ಒಂದು ಮಗ್ಗುಲು ಬೋಳು, ಇನ್ನೊಂದು ಮಗ್ಗುಲು ನೀರು ಹೀರಿ ಮತ್ತೆ ಹಸಿರಾಯಿತು. ಆಯಿ ಎದ್ದು ಉಣ್ಣತೊಡಗಿದಳು. ಹಂಡೆಗೆ ಬೆರಳು ಇಳಿಸುವುದನ್ನು ಮಾತ್ರ ಬಿಟ್ಟಳು. ಅವ್ವ ನೀರು ಹೊಯ್ಯುವಾಗ ದೂರ ಕೂತು ನೋಡುತ್ತಿದ್ದಳು. ಒಂದು ಆದಿತ್ವಾರ ದೇವಾಲಯದಿಂದ ಬಂದವಳೇ ಹಬ್ಬದ ಸೀರೆಯನ್ನೂ ಬದಲಿಸದೆ ಕುಣಿಯ ಹತ್ತಿರ ಹೋದಳು. ಕೆಂಪು ರೇಷ್ಮೆ ಎಳೆಗಳನ್ನು ಒಂದೊಂದಾಗಿ ಬಿಚ್ಚಿ ಮಡಿಲಿಗೆ ಹಾಕಿಕೊಂಡಳು.

“ಮಾರ್ಥಾ, ಬಾ ಇಲ್ಲೆ. ಆ ಕಡೆ ಹಿಡಿ. ಎತ್ತೂಣು.”

ಅವ್ವ ರೊಟ್ಟಿ ಬಡಿಯುವ ಕೈಯಲ್ಲೇ ಬಂದಳು. “ಇನ್ನಾ ಹಸಿರೈತಲ್ರಿ ಅತ್ತಿ.”

“ಐತಿ. ನನಗೇನ ಕಣ್ಣಿಲ್ಲೇನ? ಹಿಡಿ ಅಂದ್ರ ಹಿಡಿ.”

ಇಬ್ಬರೂ ಸೇರಿ ಎತ್ತಿದರು. ಗಿಡದ ಬುಡದಿಂದ ನೀರು ಸೋರಿ ಪಡಸಾಲೆಯುದ್ದಕ್ಕೂ ಗೆರೆ ಬಿತ್ತು. ಹಿತ್ತಿಲಿಗೆ ಒಯ್ದು ಒರಗಿಸಿ ಬಂದು, ಆಯಿ ಖಾಲಿ ಕುಣಿಯ ಮುಂದೆ ಕೂತು ಅತ್ತಳು. ಜೋರಾಗಿ, ಸಣ್ಣ ಹುಡುಗಿಯ ಹಾಗೆ. ಮುತ್ಯಾ ಸತ್ತಾಗಲೂ ಅವಳು ಹಂಗೆ ಅತ್ತಿರಲಿಲ್ಲ ಅಂತ ಖತೀಜಾ ಚಾಚಿ ಆಮೇಲೆ ಹೇಳಿದಳು. ಅವ್ವ ಪಕ್ಕದಲ್ಲಿ ಕೂತಳು. ಕೈ ಹಿಡಿಯಲಿಲ್ಲ, ಎದ್ದೂ ಹೋಗಲಿಲ್ಲ. ಒಲೆಯ ಮೇಲಿನ ರೊಟ್ಟಿ ಸೀದುಹೋಯಿತು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆಂದ. ಆದರೆ ನಾನು ಬದುಕಿದ್ದು ಕಥೆಯೊಳಗಲ್ಲ. ಮಗ್ಗ ಹೂಡಿದ ಮೇಲೆ ಅವ್ವ ನಮಗೆ ಸಿಗಲಿಲ್ಲ. ಬೇಡಿ ಬೇಡಿ ಪಡೆದ ಮಗ್ಗ ಅವಳನ್ನು ಬೆಳಗಿನಿಂದ ದೀಪ ಹಚ್ಚುವವರೆಗೆ ಕೂರಿಸಿಕೊಂಡಿತು. ಸೀರೆಯ ಮೇಲೆ ಸೀರೆ, ಸೊಂಟ ಹಿಡಿಯಿತು, ಕಣ್ಣು ಉರಿಯಿತು, ಮೊಣಕಾಲು ಊದಿತು. ನಾನು ಸಾಲಿಯಿಂದ ಬಂದು ನೂಲು ಸುತ್ತಬೇಕು. ಆಡುವ ಹೊತ್ತೆಲ್ಲ ರಾಟಿಯ ಮುಂದೆ ಹೋಯಿತು. “ಇದಕ್ಕೇನ ಇಷ್ಟ ಹಂಬಲಿಸಿದ್ದಿ?” ಅಂತ ಒಮ್ಮೆ ಕೇಳಿಯೇಬಿಟ್ಟೆ. ಅವ್ವ ಲಾಳಿ ನಿಲ್ಲಿಸಲಿಲ್ಲ. “ದಣಿವು ಇದ್ದs ಇತ್ತವಾ. ಈಗ ನಂದs ದಣಿವು ಐತಿ,” ಅಂದಳು. ಆಗ ನನಗೆ ತಿಳಿಯಲಿಲ್ಲ. ಈಗ ಈ ಬಕೆಟ್ಟಿನ ಮುಂದೆ ಬಗ್ಗಿ ಏಳುವಾಗ ಸ್ವಲ್ಪ ತಿಳಿಯುತ್ತದೆ.

ಮರುವರ್ಷ ಕ್ರಿಸ್ಮಸ್ ಬಂದಾಗ ಅವ್ವನ ಹಾಸು ಅರ್ಧಕ್ಕೆ ಬಂದಿತ್ತು. ಮುತ್ಯಾನ ಹಾಗೆ ಹಬ್ಬಕ್ಕೆ ಮುಗಿಸಲಿಕ್ಕೆ ಅವಳಿಗೆ ಆಗಿರಲಿಲ್ಲ. ಹಾಸು ಹೂಡಿದ ಮಗ್ಗ ಬಿಚ್ಚಲು ಬರುವುದಿಲ್ಲ. ಕುಣಿಯಲ್ಲಿ ಜಾಗವಿಲ್ಲ, ಈ ಸಲ ಗಿಡ ಬೇಡ ಅಂತ ಅಪ್ಪನಿಗೆ ಅವ್ವನೇ ಹೇಳಿದ್ದಳು, ಹೇಳಿ ಆಯಿಯ ಮುಖ ನೋಡದೆ ಒಳಗೆ ಹೋಗಿದ್ದಳು. ಅಪ್ಪ ಕಲಾದಗಿಯಿಂದ ಬರುವಾಗ ಒಂದೇ ಒಂದು ಟೊಂಗೆ ತಂದ, ಮೊಳಕ್ಕಿಂತ ತುಸು ಉದ್ದ. ಬಾಬಾಸಾಬರು ಬರಿಗೈಯಲ್ಲಿ ಕಳಿಸಲು ಒಪ್ಪಲಿಲ್ಲವಂತೆ. ಅದನ್ನು ಎಲ್ಲಿ ಇಡಬೇಕು ಅಂತ ಅವನು ನಿಂತಿರುವಾಗ ಆಯಿ ಕೈಯಿಂದ ಕಸಿದುಕೊಂಡಳು. ಹಿತ್ತಾಳೆಯ ತಂಬಿಗೆಯಲ್ಲಿ ನಿಲ್ಲಿಸಿ, ತಂಬಿಗೆಯನ್ನು ಕುಣಿಯ ಮೂಲೆಗೆ, ಅವ್ವನ ಎಡಗಾಲಿನ ಪಕ್ಕಕ್ಕೆ ಇಟ್ಟಳು. ಅವ್ವ ನೇಯುತ್ತಲೇ ಇದ್ದಳು.

ಮರುದಿನ ಮುಂಜಾನೆ ಆಯಿ ಮನೆಯಲ್ಲಿ ಕಾಣಲಿಲ್ಲ. ನಾನೂ ಅಪ್ಪನೂ ಗಾಬರಿಯಾಗಿ ಬಾಗಿಲಿಗೆ ಬಂದರೆ, ಓಣಿಯ ತುದಿಯಲ್ಲಿ, ಗೋಡೆ ಹಿಡಿದು, ನಿಂತು ನಿಂತು ಬರುತ್ತಿದ್ದಾಳೆ. ಸೊಂಟದ ಮೇಲೆ ಸಣ್ಣ ಕೊಡ. ಅರ್ಧ ನೀರು ದಾರಿಯಲ್ಲೇ ತುಳುಕಿ ಸೀರೆ ತೊಯ್ದಿತ್ತು. ಖತೀಜಾ ಚಾಚಿ ಇಸಿದುಕೊಳ್ಳಲು ಹೋದರೆ ಕೊಡಲಿಲ್ಲ. ಒಳಗೆ ಬಂದು ಕುಣಿಯ ದಂಡೆ ಹಿಡಿದು ಬಗ್ಗಿದಳು. ಅವ್ವನ ಲಾಳಿ ನಿಂತಿತು. ಅವ್ವ ಎದ್ದು ಕೊಡ ತೆಗೆದುಕೊಳ್ಳಲು ಕೈ ಚಾಚಿದಳು.

“ನೀ ಕೂಡು,” ಅಂದಳು ಆಯಿ. “ಕಾಲು ಒಂದೀಟು ಸರಸು, ನೀರು ಹಾಕ್ತೇನಿ.”